ಡಿ.ಬಿ.ಎಸ್. ಶಸ್ತ್ರಚಿಕಿತ್ಸೆ: ಈಗಲೇ ಮಾಡಿಸುವುದೋ, ‘ಅಡಾಪ್ಟಿವ್’ ಯಂತ್ರಕ್ಕಾಗಿ ಕಾಯುವುದೋ?

ಪ್ರಶ್ನೆ: ವಿಜಯಾ, ತುಮಕೂರು

ನಮ್ಮ ತಂದೆಯವರಿಗೆ 64 ವರ್ಷ. ಪಾರ್ಕಿನ್‌ಸನ್ಸ್ ಕಾಯಿಲೆ ಪತ್ತೆಯಾಗಿ ಒಂಬತ್ತು ವರ್ಷಗಳಾದವು. ಮೊದಲು ಮೂರು ಹೊತ್ತು ಸಿಂಡೋಪಾ (ಲೆವೊಡೋಪಾ ಇರುವ ಮಾತ್ರೆ) ತೆಗೆದುಕೊಂಡರೆ ಸಾಕಾಗುತ್ತಿತ್ತು. ಈಗ ಆರು ಸಲ ತೆಗೆದುಕೊಂಡರೂ ಒಂದು ಮಾತ್ರೆಯ ಪ್ರಭಾವ ಇಳಿದು ಇನ್ನೊಂದು ಹಿಡಿಯುವ ನಡುವೆ ಕೈಕಾಲು ಸೆಟೆದುಕೊಳ್ಳುತ್ತವೆ, ಪ್ರಭಾವ ಏರಿದಾಗ ಕತ್ತು, ಭುಜಗಳು ತಾವಾಗಿಯೇ ಹೊರಳಾಡತೊಡಗುತ್ತವೆ. ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದೆಂದರೆ, ನಡೆದು ಬರುತ್ತಿದ್ದವರು ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು. ಮಿದುಳಿನೊಳಗೆ ಎಲೆಕ್ಟ್ರೋಡ್ ಇರಿಸಿ ವಿದ್ಯುತ್ ಪ್ರಚೋದನೆ ಕೊಡುವ ಡಿ.ಬಿ.ಎಸ್. ಬಗ್ಗೆ ಯೋಚಿಸಿ ಎಂದು ನ್ಯೂರಾಲಜಿಸ್ಟ್ ಹೇಳಿದ್ದಾರೆ.

ನಾನು ಭೌತಶಾಸ್ತ್ರ ಕಲಿಸುವವಳಾದ್ದರಿಂದ ಒಂದು ಸಂಶಯ ಬಿಡುತ್ತಿಲ್ಲ. ಮಿದುಳಿನ ಒಂದು ಭಾಗವನ್ನು ಸುಟ್ಟರೂ ನಡುಕ ನಿಲ್ಲುತ್ತದೆ, ಅದೇ ಭಾಗಕ್ಕೆ ವಿದ್ಯುತ್ ಕೊಟ್ಟರೂ ನಿಲ್ಲುತ್ತದೆ ಎನ್ನುತ್ತಾರೆ. ಇವೆರಡೂ ಹೇಗೆ ನಿಜವಾಗುತ್ತವೆ? ಇನ್ನೊಂದು, ಮಿದುಳಿನ ಸಂಕೇತವನ್ನು ತಾನೇ ಓದಿ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ‘ಅಡಾಪ್ಟಿವ್’ ಯಂತ್ರ ಬಂದಿದೆಯಂತೆ. ಅದು ಎಲ್ಲೆಡೆ ಸಿಗುವವರೆಗೆ ಕಾಯುವುದು ಒಳ್ಳೆಯದೇ?

ಉತ್ತರ: ಶ್ರೀಧರ, ನರವಿಜ್ಞಾನ ಸಂಶೋಧನಾ ವಿದ್ಯಾರ್ಥಿ

ಮೊದಲ ಸಂಶಯದಿಂದಲೇ ಈ ಚಿಕಿತ್ಸೆ ಹುಟ್ಟಿತೆನ್ನಬಹುದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನ್ಯೂರೋಸರ್ಜನ್ ಅಲಿಂ ಲೂಯಿ ಬೆನಬಿದ್ ಅವರು ನಡುಕದ ರೋಗಿಯೊಬ್ಬರ ಥಲಾಮಸ್‌ನ ಸಣ್ಣ ಭಾಗವೊಂದನ್ನು ಸುಡುವ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಸುಡುವ ಮುನ್ನ ಜಾಗ ಸರಿಯಾಗಿದೆಯೇ ಎಂದು ತಿಳಿಯಲು ಎಲೆಕ್ಟ್ರೋಡಿನ ಮೂಲಕ ವಿದ್ಯುತ್ ಹರಿಸಿ ನೋಡುವುದು ಆಗಿನ ವಾಡಿಕೆ. ಕಡಿಮೆ ಆವರ್ತನದಲ್ಲಿ ನಡುಕ ನಿಲ್ಲಲಿಲ್ಲ. 100 ಹರ್ಟ್ಸ್ ಆಸುಪಾಸಿಗೆ ಏರಿಸಿದಾಗ ನಿಂತಿತು, ವಿದ್ಯುತ್ ನಿಲ್ಲಿಸಿದೊಡನೆ ಮರಳಿತು. ಸುಟ್ಟದ್ದನ್ನು ಮರಳಿ ಪಡೆಯಲಾಗದು, ವಿದ್ಯುತ್ತನ್ನಾದರೋ ಬೇಕಾದಂತೆ ತಿದ್ದಬಹುದು.

ಯಾವ ಜಾಗಕ್ಕೆ ಕೊಡಬೇಕೆಂಬುದಕ್ಕೆ ದಾರಿ ತೋರಿದ್ದು ಅಮೆರಿಕದ ಮಾಲನ್ ಡಿಲಾಂಗ್ ಅವರ ತಂಡ. ಎಂ.ಪಿ.ಟಿ.ಪಿ. ಎಂಬ ರಾಸಾಯನಿಕದಿಂದ ಪಾರ್ಕಿನ್‌ಸನ್ಸ್ ಲಕ್ಷಣ ಬರಿಸಿದ ಕೋತಿಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ, ಕೆಲವೇ ಮಿಲಿಮೀಟರ್ ಗಾತ್ರದ ನರಕೋಶಗಳ ಗುಂಪನ್ನು ನಿಷ್ಕ್ರಿಯಗೊಳಿಸಿದರೆ ಚಲನೆ ಮರಳುತ್ತದೆಂದು ಅವರು 1990ರಲ್ಲಿ ತೋರಿಸಿದರು. 1993ರ ಹೊತ್ತಿಗೆ ಗ್ರೆನೋಬಲ್ ತಂಡ ಅದೇ ಜಾಗಕ್ಕೆ ರೋಗಿಗಳಲ್ಲಿ ವಿದ್ಯುತ್ ಕೊಡತೊಡಗಿತ್ತು. ಈ ಕಾಯಿಲೆಯಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ಕೊರತೆಯಾದಾಗ ಆ ಕೋಶಗಳು ಸುಮಾರು 13ರಿಂದ 30 ಹರ್ಟ್ಸ್‌ನ ಬೀಟಾ ಲಯದಲ್ಲಿ ಒಟ್ಟೊಟ್ಟಿಗೆ ಮಿಡಿಯುತ್ತವೆ, ಚಲನೆಯ ಆದೇಶ ಆ ಲಯದಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಸುಟ್ಟರೆ ಲಯದ ಮೂಲವೇ ಇಲ್ಲವಾಗುತ್ತದೆ. ಸುಮಾರು 130 ಹರ್ಟ್ಸ್‌ನಲ್ಲಿ, ಒಂದೊಂದೂ 60 ಮೈಕ್ರೋಸೆಕೆಂಡಿನಷ್ಟಿರುವ ಮಿಡಿತಗಳನ್ನು ಕೊಟ್ಟರೆ ಕೋಶಗಳು ಉಳಿಯುತ್ತವೆ, ಆ ಲಯ ಮಾತ್ರ ಮುಂದಕ್ಕೆ ಸಾಗುವುದಿಲ್ಲ. ಅಂದಹಾಗೆ, ಸುಡುವ ಕಾಲದ ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ: ನಿಮ್ಹಾನ್ಸ್‌ನ ಸ್ಥಾಪಕರಲ್ಲೊಬ್ಬರಾದ ಡಾ. ಮಾರ್ತಾಂಡ ವರ್ಮಾ ಅವರು ಪಾರ್ಕಿನ್‌ಸನ್ಸ್ ರೋಗಿಗಳಿಗಾಗಿ ರೂಪಿಸಿದ ಶಸ್ತ್ರಚಿಕಿತ್ಸಾ ವಿಧಾನ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕಾಯುವ ವಿಚಾರಕ್ಕೆ ಬರುವ ಮುನ್ನ ಒಂದು ವಿಷಯ ಗಮನಿಸಿ ತಿಳಿಸಿ. ಹೊಸ್ತಿಲ ಬಳಿ ಕಾಲು ಕಟ್ಟಿದಂತಾಗುವುದು ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿಯೋ, ಅದು ಚೆನ್ನಾಗಿ ಹಿಡಿದಿರುವಾಗಲೂ ಆಗುತ್ತದೆಯೋ? ನಡುಕವೊಂದನ್ನು ಬಿಟ್ಟರೆ, ಮಾತ್ರೆಯಿಂದ ಸರಿಹೋಗದ ತೊಂದರೆ ಡಿ.ಬಿ.ಎಸ್.ನಿಂದಲೂ ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮುಂಚೆ, ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬರಹೇಳಿ, ಬೆರಳು ತಟ್ಟುವುದು, ಕುರ್ಚಿಯಿಂದ ಏಳುವುದು, ನಡೆದು ತಿರುಗುವುದು ಇವಕ್ಕೆಲ್ಲ ಅಂಕ ಹಾಕಿ, ಬಳಿಕ ಲೆವೊಡೋಪಾ ಕೊಟ್ಟು ಮತ್ತೆ ಅಂಕ ಹಾಕುತ್ತಾರೆ. ಕನಿಷ್ಠ ಶೇ. 30ರಷ್ಟಾದರೂ ಸುಧಾರಣೆ ಕಂಡರೆ ಮುಂದಿನ ಮಾತು.

ಉತ್ತರ: ಗಿರಿಜಾ, ಶಿವಮೊಗ್ಗ

ವಿಜಯಾ ಅವರೇ, ನಮ್ಮ ಅಮ್ಮನಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ತಲೆಗೆ ಲೋಹದ ಚೌಕಟ್ಟು ಬಿಗಿದು, ಎಚ್ಚರವಿಟ್ಟೇ ಮಾಡಿದರು. ನಡುನಡುವೆ ಬಲ್ಬ್ ತಿರುಗಿಸುವಂತೆ ಕೈ ಆಡಿಸಿ ಎಂದು ಹೇಳಿ ಮಣಿಕಟ್ಟಿನ ಬಿಗಿ ಎಷ್ಟು ಸಡಿಲವಾಯಿತೆಂದು ನೋಡುತ್ತಿದ್ದರಂತೆ. ಯಂತ್ರವನ್ನು ಚಾಲೂ ಮಾಡುವ ಮೊದಲೇ ಅವರು ಸಲೀಸಾಗಿ ನಡೆದಾಡಿದ್ದನ್ನು ಕಂಡು ಮನೆಯವರೆಲ್ಲ ಹಿಗ್ಗಿದೆವು. ಅದು ಎಲೆಕ್ಟ್ರೋಡ್ ಇಳಿಸುವಾಗ ಆದ ಊತದ ಪರಿಣಾಮ, ಕೆಲವು ದಿನಗಳಲ್ಲಿ ಹೋಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು, ಹಾಗೆಯೇ ಆಯಿತು.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ವಿದ್ಯುತ್ತನ್ನು ಸ್ವಲ್ಪ ಏರಿಸಿದರೆ ಬಲಗೈ ಹಗುರವಾಗುತ್ತಿತ್ತು, ಆದರೆ ಮಾತು ತೊದಲುತ್ತಿತ್ತು. ಇಳಿಸಿದರೆ ಮಾತು ತಿಳಿಯಾಗಿ ಕೈ ಬಿಗಿಯುತ್ತಿತ್ತು. ಆ ಎರಡರ ನಡುವಿನ ಹದ ಸಿಗಲು ತಿಂಗಳುಗಳೇ ಹಿಡಿದವು. ಮಾತ್ರೆ ಅರ್ಧಕ್ಕಿಂತ ಕಡಿಮೆಯಾಗಿದೆ, ಕತ್ತು ಹೊರಳುವುದು ನಿಂತಿದೆ. ಕಾಯಿಲೆ ಮಾತ್ರ ತನ್ನ ಪಾಡಿಗೆ ಮುಂದುವರಿಯುತ್ತಿದೆ, ಅದನ್ನು ನೀವು ಮೊದಲೇ ತಂದೆಯವರಿಗೆ ಹೇಳಿಡುವುದು ಒಳ್ಳೆಯದು. ಹೀಗೆ ವಿದ್ಯುತ್ತನ್ನು ಹದಗೊಳಿಸುವ ಪ್ರೋಗ್ರಾಮಿಂಗ್ ಮಾಡುವವರು ನಿಮ್ಮೂರಿನಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ: ಮೋಹನ, ಮೈಸೂರು

ತಲೆಬುರುಡೆ ಕೊರೆಯದೆ, ಹೊರಗಿನಿಂದಲೇ ಕಾಯಿಲ್ ಇಟ್ಟು ಕಾಂತಕ್ಷೇತ್ರದಿಂದ ಪ್ರಚೋದಿಸುವ ಟಿ.ಎಂ.ಎಸ್. ಇದೆಯಲ್ಲ? 64ರ ವಯಸ್ಸಿನಲ್ಲಿ ಮೊದಲು ಅದನ್ನು ಪ್ರಯತ್ನಿಸಬಾರದೇ?

ಉತ್ತರ: ಶ್ರೀಧರ

ಮೋಹನ ಅವರೇ, ಸಾಮಾನ್ಯ ಕಾಯಿಲ್‌ನ ಕಾಂತಕ್ಷೇತ್ರ ತಲೆಯ ಮೇಲ್ಮೈಯಿಂದ ಎರಡು ಮೂರು ಸೆಂಟಿಮೀಟರ್‌ಗಳಲ್ಲಿಯೇ ಕ್ಷೀಣಿಸುತ್ತದೆ; ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಇರುವುದು ಅದಕ್ಕಿಂತ ಬಹಳ ಆಳದಲ್ಲಿ. ಖಿನ್ನತೆಗೆ ಟಿ.ಎಂ.ಎಸ್. ಒಪ್ಪಿತ ಚಿಕಿತ್ಸೆ. ಪಾರ್ಕಿನ್‌ಸನ್ಸ್‌ನ ಚಲನೆಯ ತೊಂದರೆಗಳಲ್ಲಿ ಅದರಿಂದ ಕಂಡುಬಂದ ಲಾಭ ಸಾಧಾರಣವಾದುದು, ಡಿ.ಬಿ.ಎಸ್.ಗೆ ಬದಲಿಯೆಂದು ಅದನ್ನು ಮಾರುವವರನ್ನು ನಂಬಬೇಡಿ.

ಪ್ರತಿಕ್ರಿಯೆ: ವಿಜಯಾ

ಎಲ್ಲರಿಗೂ ಧನ್ಯವಾದಗಳು. ಗಮನಿಸಿ ನೋಡಿದೆ. ಬೆಳಿಗ್ಗೆ ಎದ್ದಾಗ ಮತ್ತು ಪ್ರತಿ ಮಾತ್ರೆಗೆ ಮುಂಚಿನ ಅರ್ಧ ಗಂಟೆಯಲ್ಲಿ ಹೊಸ್ತಿಲ ಬಳಿ ನಿಲ್ಲುತ್ತಾರೆ. ಮಾತ್ರೆ ಹಿಡಿದ ಮೇಲೆ ಯಾರ ನೆರವೂ ಇಲ್ಲದೆ ದಾಟುತ್ತಾರೆ.

ಉತ್ತರ: ಶ್ರೀಧರ

ಹಾಗಿದ್ದರೆ ಆ ತೊಂದರೆಯೂ ಕಡಿಮೆಯಾಗುವ ಸಾಧ್ಯತೆ ಇದೆ, ಅಂತಿಮ ಮಾತು ಪರೀಕ್ಷೆ ಮಾಡಿದ ವೈದ್ಯರದು. ಮಿದುಳಿನಲ್ಲಿ ರಕ್ತಸ್ರಾವ, ಸೋಂಕು ಇವುಗಳ ಅಪಾಯ ಕಡಿಮೆಯಾದರೂ ಇದ್ದೇ ಇದೆ. ನೆನಪಿನ ಶಕ್ತಿ ಹಾಗೂ ಮನಸ್ಥಿತಿಯ ಪರೀಕ್ಷೆಯನ್ನು ಬಿಡದೆ ಮಾಡಿಸಿ.

ಅಡಾಪ್ಟಿವ್ ಯಂತ್ರಕ್ಕಾಗಿ ಕಾಯುವುದು ನನಗೆ ಸರಿಕಾಣುವುದಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ಹೆಚ್ಚು ಕಾಡುವ ಲಕ್ಷಣವಿರುವ ಅವಧಿ ಸುಮಾರು ಅರ್ಧದಷ್ಟು ಕಡಿಮೆಯಾಯಿತು, ನಿಜ. ಆದರೆ ಅದರಲ್ಲಿದ್ದವರು ನಾಲ್ಕೇ ಮಂದಿ. 2025ರ ಆರಂಭದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ., ಮೆಡ್‌ಟ್ರಾನಿಕ್ ಕಂಪನಿಯ ಇಂಥ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿದೆ. ಇನ್ನೊಂದೆಡೆ, 251 ರೋಗಿಗಳನ್ನು ಎರಡು ವರ್ಷ ಗಮನಿಸಿದ 2013ರ ಜರ್ಮನ್–ಫ್ರೆಂಚ್ ಅಧ್ಯಯನದಲ್ಲಿ, ಮಾತ್ರೆಯ ಪ್ರಭಾವದಲ್ಲಿ ಏರಿಳಿತಗಳು ಆರಂಭವಾದ ಹಂತದಲ್ಲೇ ಡಿ.ಬಿ.ಎಸ್. ಪಡೆದವರ ಜೀವನದ ಗುಣಮಟ್ಟ ಸುಧಾರಿಸಿತು, ಬರೀ ಮಾತ್ರೆಯಲ್ಲಿದ್ದವರದು ಸುಧಾರಿಸಲಿಲ್ಲ. ಅವರೆಲ್ಲ ನಿಮ್ಮ ತಂದೆಯವರಿಗಿಂತ ಚಿಕ್ಕವರು, ಆದರೂ ಕಾಯುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಹೊಸ ಬಗೆಯ ಜಾಣತನವೆಲ್ಲ ಎದೆಯ ಚರ್ಮದಡಿ ಇಡುವ ಬ್ಯಾಟರಿ ಪೆಟ್ಟಿಗೆಯಲ್ಲಿರುತ್ತದೆ. ರೀಚಾರ್ಜ್ ಆಗದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಆಗ ಮಿದುಳಿನೊಳಗಿನ ಎಲೆಕ್ಟ್ರೋಡ್‌ಗಳನ್ನು ಮುಟ್ಟುವುದಿಲ್ಲ. ಆದ್ದರಿಂದ ಸರ್ಜನ್‌ರನ್ನು ಕೇಳಬೇಕಾದದ್ದು ಇಷ್ಟು: ಈಗ ಇಡುವ ಪೆಟ್ಟಿಗೆಗೆ ಮಿದುಳಿನ ಸಂಕೇತವನ್ನು ದಾಖಲಿಸುವ ಸಾಮರ್ಥ್ಯವಿದೆಯೇ, ಇಲ್ಲವಾದರೆ ಈ ಎಲೆಕ್ಟ್ರೋಡ್‌ಗಳಿಗೆ ಮುಂದೆ ಅಂಥ ಪೆಟ್ಟಿಗೆಯನ್ನು ಜೋಡಿಸಲು ಬರುತ್ತದೆಯೇ, ಬದಲಿಸುವಾಗ ಪೆಟ್ಟಿಗೆಯ ಖರ್ಚನ್ನು ನಿಮ್ಮ ವಿಮೆ ಭರಿಸುತ್ತದೆಯೇ.