ಸಹಾಯ ಬೇಕು: ಸಿಇಟಿ, ನೀಟ್ ಎರಡಕ್ಕೂ ಒಂದೇ ಅಭ್ಯಾಸ ಸಾಕಾ?

ನಮಸ್ಕಾರ, ಸೋಮವಾರಪೇಟೆ ಕಡೆಯವಳು ನಾನು. ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಅವಳಿಗೆ ಪೊನ್ನಂಪೇಟೆ ಅರಣ್ಯ ಕಾಲೇಜಿನ ಮೇಲೇ ಕಣ್ಣು, ಅದಕ್ಕೆ ಸಿಇಟಿ. ಅವರಪ್ಪನಿಗೆ ಮಗಳು ಡಾಕ್ಟರೇ ಆಗಬೇಕು, ಅದಕ್ಕೆ ನೀಟ್. (ಮನೆಯಲ್ಲಿ ದಿನಾ ಇದೇ ಪಂಚಾಯ್ತಿ.) ಆನ್‌ಲೈನ್ ಕ್ಲಾಸಿಗೆ ಸೇರಿಸಿದ್ವಿ, ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಈಗ ಹಳೇ ಪ್ರಶ್ನೆಪತ್ರಿಕೆ ತಂದು ಮನೆಯಲ್ಲೇ ಬರೆಸ್ತಿದ್ದೀನಿ.

ತೊಡಕು ಇಲ್ಲೇ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಾದರೂ ಅಂಕ ಕಳೆಯಲ್ಲ. ಹಾಗಾಗಿ ಓಎಂಆರ್ ಹಾಳೆಯಲ್ಲಿ (ಉತ್ತರದ ವೃತ್ತ ತುಂಬುವ ಹಾಳೆ) ಒಂದು ಪ್ರಶ್ನೆಯನ್ನೂ ಖಾಲಿ ಬಿಡಲ್ಲ ಇವಳು. ನೀಟ್‌ನಲ್ಲಿ ಅದೇ ಚಾಳಿಗೆ ತಪ್ಪೊಂದಕ್ಕೆ 1 ಅಂಕ ಹೋಗುತ್ತೆ.

ಬೋರ್ಡ್ ಪರೀಕ್ಷೆವರೆಗೆ ನೀಟ್ ಮಾದರಿಯಲ್ಲೇ ಬರೆಸಿ, ಆಮೇಲೆ ಸಿಇಟಿ ಹಿಡಿದರೆ ಸಾಕಾ? ಇಲ್ಲಾ ಈಗಿಂದಲೇ ಎರಡನ್ನೂ ಬೇರೆ ಬೇರೆ ದಿನ ಬರೆಸಬೇಕಾ? ಮಕ್ಕಳಿಗೆ ಎರಡೂ ಬರೆಸಿದೋರು ದಯವಿಟ್ಟು ಹೇಳಿ.