ಅಪ್‌ಡೇಟ್: ಫ್ರೀ ಡಿಶ್ ಚಿತ್ರ ಈಗ ಒಡೆಯುತ್ತಿಲ್ಲ

ಗಾಳಿ ಎದ್ದರೆ ಸಾಕು, ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಚಾನೆಲ್ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ ಅಂತ ಕೇಳಿದ್ದೆ ಅಲ್ವಾ? ಸರಿ ಹೋಯ್ತು. ಹೊಸ ಬಾಕ್ಸ್ ತಗೊಳ್ಳಿ ಅಂದವರೂ ಇದ್ದರು, ಬಾಕ್ಸ್ ಚೆನ್ನಾಗೇ ಇತ್ತು.

ಫ್ರೀ ಡಿಶ್ ಚಾನೆಲ್ ಕಳಿಸೋ ಜಿಸ್ಯಾಟ್-15 ಉಪಗ್ರಹ ಇರೋದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮ ಕಲಬುರಗಿಯಿಂದ ನೋಡಿದರೆ ಸರಿಯಾಗಿ ಆಗ್ನೇಯಕ್ಕೆ, ಸುಮಾರು 62 ಡಿಗ್ರಿ ಎತ್ತರದಲ್ಲಿ. ಅಷ್ಟು ಮೇಲಿರೋದರಿಂದ ಪಕ್ಕದ ಮನೆ ಬೇವಿನ ಮರ ಅಡ್ಡ ಬರುತ್ತಲೇ ಇರಲಿಲ್ಲ, ಸುಮ್ನೆ ಅದರ ಮೇಲೆ ಅನುಮಾನ. ಡಿಶ್ ಕಂಬದ ನಟ್ ಸಡಿಲವಾಗಿತ್ತು, ಬೆರಳಲ್ಲಿ ತಳ್ಳಿದರೂ ಅಲ್ಲಾಡುತ್ತಿತ್ತು. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಡಬ್ಬಿ) ಹತ್ತಿರದ ಕೇಬಲ್ ಕನೆಕ್ಟರ್ ಬಿಚ್ಚಿದರೆ ಒಳಗಿನ ತಂತಿ ಹಸಿರುಗಟ್ಟಿತ್ತು, ಮಳೆನೀರು ಇಳಿದು.

ಸೂಪರ್ ಮಾರ್ಕೆಟ್‌ ಪೇಟೆ ಕಡೆಯಿಂದ ಹೊಸ ಕನೆಕ್ಟರ್ ತಂದು, ಕೇಬಲ್ ತುದಿ ಕತ್ತರಿಸಿ ಹಾಕಿ, ಮೇಲೆ ಟೇಪ್ ಸುತ್ತಿದೆ. ತಮ್ಮ ಟಿವಿ ಮುಂದೆ ಕೂತು ಸಿಗ್ನಲ್ ಎಷ್ಟಿದೆ ಅಂತ ಫೋನಿನಲ್ಲಿ ಕೂಗುತ್ತಿದ್ದ, ನಾನು ಮಾಳಿಗೆ ಮೇಲೆ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಟಿವಿಯಲ್ಲಿ ಸಿಗ್ನಲ್ ತೋರಿಸೋ ಸ್ಟ್ರೆಂತ್ ಗೆರೆ ನಂಬಬೇಡಿ, ಡಿಶ್ ಎತ್ತ ಮುಖ ಮಾಡಿದರೂ ಅದು ಜಾಸ್ತಿನೇ ತೋರಿಸಬಹುದು. ಅದರ ಜೊತೆಗಿರೋ ಕ್ವಾಲಿಟಿ ಗೆರೆ ನೋಡಿ.

ಜೋರು ಮಳೆಯಲ್ಲಿ ಈಗಲೂ ಸ್ವಲ್ಪ ಹೊತ್ತು ಹೋಗುತ್ತೆ, ಅದು ಡಿಶ್ ಸಿಗ್ನಲ್ ಬರೋ, ಮಳೆಗೆ ಕುಗ್ಗೋ ಕೆಯು ಬ್ಯಾಂಡ್‌ನ ಹಣೆಬರಹ.