78ರ ಅಂಬಾಸಡರ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಬೇಕಾ? ಅನುಭವ ಹೇಳಿ

ಹಾಸನದವ: ಅಪ್ಪನ 1978ರ ಅಂಬಾಸಡರ್ ರಸ್ತೆಗೆ ಇಳಿಸುತ್ತಿದ್ದೇನೆ. 1999ರಿಂದ ಶೆಡ್‌ನಲ್ಲೇ ಇತ್ತು, ಸೀಸವಿಲ್ಲದ ಪೆಟ್ರೋಲ್ ಕುಡಿದೇ ಇಲ್ಲ. ವಾಲ್ವ್ ಬಂದು ಕೂರುವ ಅಂಚು, ಅಂದರೆ ಸೀಟ್, ಸವೆಯದಂತೆ ಪೆಟ್ರೋಲಿನ ಸೀಸವೇ ಕಾಯುತ್ತಿತ್ತು, ಈಗ ಅದಿಲ್ಲ, ಎಂಜಿನ್ ಹೆಡ್ ಇಳಿಸಿ ಗಟ್ಟಿ ಸೀಟ್ ಹಾಕಿಸಿ ಅನ್ನುತ್ತಾರೆ ಮೆಕ್ಯಾನಿಕ್. ವಾರಕ್ಕೆ 30 ಕಿ.ಮೀ. ಓಡಿಸಿದರೆ ಹೆಚ್ಚು. ಮಾಡಿಸಿದವರು ಹೇಳಿ.

ತೀರ್ಥಹಳ್ಳಿ ಘಾಟಿ: ನಮ್ಮದು 74ರದ್ದು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲೂ ಸೀಸದ ಪೆಟ್ರೋಲ್ ಇಲ್ಲ ಅಂದರು. ವಾರಕ್ಕೆರಡು ಸಲ ಆಗುಂಬೆ ಘಾಟಿ. ಮೂರು ವರ್ಷಕ್ಕೆ ಟ್ಯಾಪೆಟ್ ಸಂದು (ವಾಲ್ವ್ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ) ತಾನಾಗಿ ಕಡಿಮೆಯಾಗತೊಡಗಿತು. 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಇಟ್ಟರೆ ತಿಂಗಳಲ್ಲಿ 9. ಬೀಡು ಕಬ್ಬಿಣದ ಹೆಡ್ ಅಲ್ವಾ, ಎಕ್ಸಾಸ್ಟ್ ವಾಲ್ವ್ ಸೀಟಿನೊಳಗೆ ಹೂತುಹೋಗುತ್ತಿತ್ತು. ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಶನ್ನೇ ಇಲ್ಲ. ನಾಲ್ಕು ಸೀಟಿಗೆ 2,200, ವಾಲ್ವ್ 960, ಗೈಡ್ 640, ಗ್ಯಾಸ್ಕೆಟ್ 180. ಲೇಥಿನವನು ಒಂದು ಸೀಟನ್ನು ಸಡಿಲವಾಗಿ ಕೂರಿಸಿದ್ದ. ಭದ್ರಾವತಿ ದಾಟುವಾಗ ಕಳಚಿ ಪಿಸ್ಟನ್ ಮೇಲೆ ಬಿತ್ತು. ಮತ್ತೆ 6,800. ಬಿಲ್ಲೆಲ್ಲ ಇವೆ.

ಗದಗ 1489: ನಾನು ಒಂದು ಪೈಸೆ ಹಾಕಿಲ್ಲ. 25 ವರ್ಷವಾಯಿತು. 60 ದಾಟಿಸುವುದಿಲ್ಲ, ಆರು ತಿಂಗಳಿಗೊಮ್ಮೆ ಫೀಲರ್ ಗೇಜ್ ಹಾಕಿ ಆ ಸಂದು ಅಳೆಯುತ್ತೇನೆ. ಗಾಡಿಯನ್ನು ಚೀರಿಸಿ ಓಡಿಸಿದರೆ ಸೀಟ್ ಏನು, ಹೆಡ್ಡೇ ಹೋಗುತ್ತದೆ.

ತೀರ್ಥಹಳ್ಳಿ ಘಾಟಿ: ಬಯಲಲ್ಲಿ ಓಡಿಸಿಕೊಂಡು ನಮಗೆ ಪಾಠ ಹೇಳಬೇಡಿ ಸ್ವಾಮಿ.

ಗದಗ 1489: ಕಪ್ಪತಗುಡ್ಡ ನೋಡಿದ್ದೀರಾ?

ಮದ್ರಾಸ್ ನಂಬರ್: ನನ್ನ ಕಥೆ ಉಲ್ಟಾ. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸಿನಲ್ಲಿ ಹೊಸ ಕಾರಿಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ, ಸೀಸವಿಲ್ಲದ ಪೆಟ್ರೋಲೇ ಬೇಕು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ಮದ್ರಾಸಿನ ಕಾರು ಸೆಕೆಂಡ್ ಹ್ಯಾಂಡ್ ತಂದೆ. ಊರಿಗೆ ಹೋದಾಗಲೆಲ್ಲ ಸಿಕ್ಕಿದ್ದನ್ನೇ ತುಂಬಿಸಿದೆ. ಒಳಗೆ ಸೀಸ ಮೆತ್ತಿಕೊಂಡು ಕನ್ವರ್ಟರ್ ಸತ್ತಿತು. ಹೊಸದಕ್ಕೆ 11,000 ಕೇಳಿದರು. ಖಾಲಿ ಡಬ್ಬಿ ಬಿಟ್ಟು ಓಡಿಸಿದೆ. ಮಾರುವಾಗ ಅದನ್ನೇ ತೋರಿಸಿ 8,000 ಇಳಿಸಿದರು.

ಯೆಜ್ಡಿ ಮೈಸೂರು: ನನ್ನ ಯೆಜ್ಡಿಗೆ ಏನೂ ಆಗಲಿಲ್ಲ. ಮೈಸೂರಿನ ಗಾಡಿ ಅಂದರೆ ಹಾಗೆ.

ಗದಗ 1489: ಟೂ ಸ್ಟ್ರೋಕ್‌ಗೆ ಆ ವಾಲ್ವೇ ಇಲ್ಲವಲ್ಲ ಮಾರಾಯ್ರೇ, ಸವೆಯುವುದು ಏನು?

ಕಲಾಸಿಪಾಳ್ಯ ಅಮ್ಮ: ಸೀಟ್, ಗೈಡ್ ಅಂತ ಅಳುತ್ತಿದ್ದೀರಿ. ನಮ್ಮ ಮನೆ ಬಸ್ ನಿಲ್ದಾಣದ ಹಿಂದೆ. 90ರ ದಶಕದ ಕೊನೆಗೆ ಬೆಂಗಳೂರೂ ಸೇರಿ ಏಳು ಊರುಗಳ ಮಕ್ಕಳ ರಕ್ತ ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಇಲ್ಲವೇ ಅದಕ್ಕೂ ಜಾಸ್ತಿ. ನನ್ನ ಮಗನದು 14. ಅವನು ಮೂರನೇ ಕ್ಲಾಸು ಎರಡು ಸಲ ಓದಿದ. ಆ ಬಿಲ್ಲು ಯಾರಿಗೆ ತೋರಿಸಲಿ?

ಯೆಜ್ಡಿ ಮೈಸೂರು: ಬಸ್ ಓಡುವುದು ಡೀಸೆಲ್‌ನಲ್ಲಿ ಅಮ್ಮಾ. ಅದರಲ್ಲಿ ಸೀಸ ಹಾಕುತ್ತಿರಲಿಲ್ಲ.

ಕಲಾಸಿಪಾಳ್ಯ ಅಮ್ಮ: ಬಸ್ಸಿಗೆ ಕಾಯುತ್ತಿದ್ದ ನೂರು ಆಟೋ ಏನು ನೀರಿನಲ್ಲಿ ಓಡುತ್ತಿದ್ದವಾ? ನಿಮ್ಮ ಯೆಜ್ಡಿ?

ಗದಗ 1489: ಜಗಳ ಬಿಡಿ. ಈಗ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದಿದೆ, ರಬ್ಬರ್ ನೋಡಿಕೊಳ್ಳಿ. ಹೋದ ವರ್ಷ ಗಾಡಿಯ ಪೆಟ್ರೋಲ್ ಪಂಪಿನ ರಬ್ಬರ್ ಡಯಾಫ್ರಾಮ್ ಎರಡು ಸಲ ಬದಲಿಸಿದೆ, ಒಂದಕ್ಕೆ 450.

ತೀರ್ಥಹಳ್ಳಿ ಘಾಟಿ: ಒಂದು ಪೈಸೆ ಹಾಕಿಲ್ಲ ಅಂದಿರಿ?